ಟೈಪಿಂಗ್ ಲ್ಯಾಬಿನ ಲಿಬ್ರೆಆಫೀಸ್‌ನಾಗ ಪೇಸ್ಟ್, ಪ್ರಿಂಟ್ ಬಂದ್ ಮಾಡಿದ ನನ್ನ ಅನುಭವ

ಮೊನ್ನೆ ಶನಿವಾರ ನಮ್ಮ ಲ್ಯಾಬಿನ ಕೊನೇ ಮಶಿನ್‌ಗೂ, ಲಿಬ್ರೆಆಫೀಸ್ ಅನ್ನೋ ಪುಕ್ಕಟೆ ಆಫೀಸ್ ಸಾಫ್ಟ್‌ವೇರ್‌ನಾಗ ಪೇಸ್ಟ್, ಪ್ರಿಂಟ್ ಬಂದ್ ಮಾಡೋ ಎಕ್ಸ್‌ಟೆನ್ಷನ್ (ಮ್ಯಾಲಿಂದ ಸೇರ್ಸೋ ಸಣ್ಣ ಜೋಡಣಿ) ಹಾಕಿ ಮುಗಿಸ್ದೆ. ಈ ಕೆಲಸದ ಬಗ್ಗೆ ಕನ್ನಡದಾಗ ಹುಡುಕಿದ್ರ ನಂಗ ಏನೂ ಸಿಗ್ಲಿಲ್ಲ, ಇಂಗ್ಲಿಷ್‌ನಾಗ ಸಿಕ್ಕಿದ್ದೂ ಅಲ್ಲೊಂದು ತುಂಡು ಇಲ್ಲೊಂದು ತುಂಡು, ಅದಕ್ಕ ಎಲ್ಲಾ ನೆನಪಿರುವಾಗ್ಲೇ ಬರ್ದು ಇಡ್ಲಿಕತ್ತೀನಿ. ಶಾಲಿ, ಕಾಲೇಜು, ಟೈಪಿಂಗ್ ಕ್ಲಾಸು, ಸಣ್ಣ ಆಫೀಸು, ಎಲ್ಲೇ ಆಗ್ಲಿ "ಇದೊಂದು ಬಟನ್ ಒತ್ತಬಾರ್ದು ನೋಡ್ರಿ" ಅನ್ನೋ ಬೇಡಿಕೆ ಬಂದವರಿಗೆ ಇದು ಕೆಲಸಕ್ಕ ಬರ್ತದ.

ನಾನು ಕಲಬುರಗಿ ಒಳಗ ಒಂದು ಟೈಪಿಂಗ್ ಮತ್ತ ಕಂಪ್ಯೂಟರ್ ಕ್ಲಾಸಿನಾಗ ಲ್ಯಾಬ್ ನೋಡ್ಕೋತೀನಿ, ಕಲಿಸೋದೂ ನಾನೇ. ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರ ಕಡೆಯಿಂದ ಹುಡುಗ್ರು ಹುಡುಗ್ಯಾರು ಬೆಳಿಗ್ಗಿ ಬಸ್ಸಿಗೆ ಬರ್ತಾರ. ಸಂವಿಧಾನದ 371(ಜೆ) ಕಲಮು ಬಂದ ಮ್ಯಾಲ ನಮ್ಮ ಭಾಗದ ಮಕ್ಕಳಿಗೆ ಸರ್ಕಾರಿ ನೌಕರಿ ಒಳಗ ಮೀಸಲಾತಿ ಸಿಗ್ತದ ಖರೆ, ಆದ್ರ ಕ್ಲರ್ಕು, ಟೈಪಿಸ್ಟು, ಸ್ಟೆನೋ ಅಂತ ಅರ್ಜಿ ಹಾಕ್ಬೇಕಂದ್ರ ಕೈ ಓಡ್ಬೇಕಲ್ರಿ, ಹಂಗಾಗಿ ಟೈಪಿಂಗ್‌ಗೆ ಭಾಳ ಬೇಡಿಕೆ. ಪ್ರತಿ ವಾರ ನಾವೇ ಒಂದು ಟೆಸ್ಟ್ ಇಡ್ತೀವಿ. ಕಾಗದದ ಮ್ಯಾಲ ಒಂದು ಪ್ಯಾಸೇಜ್ ಕೊಡ್ತೀವಿ, ಹತ್ತು ನಿಮಿಷ ಟೈಮು, ಲಿಬ್ರೆಆಫೀಸ್‌ನ ರೈಟರ್ ಅನ್ನೋ ಬರಿಯೋ ಪ್ರೋಗ್ರಾಮ್‌ನಾಗ ಟೈಪ್ ಮಾಡ್ಬೇಕು, ಆಮ್ಯಾಲ ಸ್ಪೀಡು ತಪ್ಪು ಎಲ್ಲಾ ಲೆಕ್ಕ ಹಾಕಿ ಗೋಡಿಗೆ ಪಟ್ಟಿ ಹಚ್ತೀವಿ.

ಕೆಲವು ತಿಂಗಳಿಂದ ಪಟ್ಟಿ ಮ್ಯಾಲ ನಂಗ ನಂಬಿಕಿ ಹೋಗಿತ್ತು. ಪ್ರಾಕ್ಟೀಸ್‌ನಾಗ ನಿಧಾನ ಹೊಡೆಯೋರು ಟೆಸ್ಟ್‌ನಾಗ ಒಂದೂ ತಪ್ಪಿಲ್ದೆ ಮ್ಯಾಲ ಬರ್ಲಿಕತ್ತಿದ್ರು. ಪ್ಯಾಸೇಜ್‌ಗಳು ತಿರುಗಾ ಮುರುಗಾ ಬರ್ತಾವಲ್ಲ, ಹಳೇ ಫೈಲ್ ಉಳ್ಸಿಟ್ಟು ಪೇಸ್ಟ್ ಮಾಡೋದು ಸುರು ಆಗಿತ್ತು. ಜೇವರ್ಗಿ ಕಡೆಯಿಂದ ಬರೋ ಒಂದು ಹುಡುಗಿ, ದಿನಾ ಎಲ್ಲರಕಿಂತ ಮೊದಲ ಬಂದು ಕುಂತು ಹೊಡೀತಾಳ, ಆಕಿ ಹೆಸರು ಪಟ್ಟಿಯೊಳಗ ಕೆಳಗ ಇಳೀಲಿಕತ್ತಿತ್ತು. ಒಂದಿನ ಬಂದು "ಸರ್, ನಾ ಎಷ್ಟ್ ಹೊಡದ್ರೂ ಇವರಷ್ಟು ಆಗೋದಿಲ್ರಿ, ಬಿಟ್ಬಿಡ್ಲ್ಯಾ" ಅಂದ್ಳು. ಆವತ್ತು ನಂಗ ಮನ್ಯಾಗ ಊಟ ಸೇರ್ಲಿಲ್ಲ. ಯಾರನ್ನರ ಬೈದ್ರ, ಹೊರಗ ಹಾಕಿದ್ರ ಇದು ನಿಲ್ಲೋದಲ್ಲ, ಮಶಿನ್‌ನಾಗೇ ಪೇಸ್ಟ್ ಆಗ್ಲಾರದಂಗ ಮಾಡ್ಬೇಕು ಅಂತ ನಿರ್ಧಾರ ಮಾಡ್ದೆ.

ಸಂಸ್ಥೆ ನಡೆಸೋ ಸರ್‌ಗೆ ಹೇಳಿದೆ. ಅವರು ಮೊದಲ ಪರೀಕ್ಷಾ ಸಾಫ್ಟ್‌ವೇರ್ ಮಾರೋರನ್ನ ಕರೆಸಿದ್ರು. ಒಂದೊಂದು ಮಶಿನ್‌ಗೆ ವರ್ಷಕ್ಕ ಒಂದೂವರೆ ಸಾವಿರ ಅಂದ್ರು, ಮ್ಯಾಲ ಇನ್‌ಸ್ಟಾಲ್ ಮಾಡಿದ್ದಕ್ಕ ಬ್ಯಾರೆ. ನಮ್ಮಂಥ ಕ್ಲಾಸಿಗೆ, ಫೀಸ್ ಕಂತಿನ ಮ್ಯಾಲ ಕಟ್ಟೋ ಮಕ್ಕಳಿರೋ ಕಡೆ, ಆ ರೊಕ್ಕ ಎಲ್ಲಿಂದ ತರೋದು. ನಮ್ಮ ಲ್ಯಾಬ್ ಪೂರ್ತಿ ಉಬುಂಟು (ವಿಂಡೋಸ್ ಬದಲಿಗೆ ಹಾಕೋ ಲಿನಕ್ಸ್‌ನ ಒಂದು ಥರ) ಮತ್ತ ಲಿಬ್ರೆಆಫೀಸ್ ಮ್ಯಾಲ ನಡೀತದ, ಇದ್ರಾಗೇ ಏನರ ದಾರಿ ಇರ್ಬೇಕು ನೋಡ್ತೀನಿ ಅಂತ ಹೇಳಿ ಟೈಮ್ ಕೇಳ್ಕೊಂಡೆ.

ಎಲ್ಲರೂ ಮೊದಲ ಹೇಳೋದು ಟೂಲ್ಸ್ ಒಳಗಿನ ಕಸ್ಟಮೈಸ್‌ಗೆ ಹೋಗಿ ಪೇಸ್ಟ್ ಬಟನ್ ತೆಗೀರಿ ಅಂತ. ಅದು ಉಪಯೋಗಿಲ್ರಿ. ಟೂಲ್‌ಬಾರ್‌ನಾಗಿಂದ ಬಟನ್ ತೆಗದ್ರ ಮೆನುದಾಗ ಇರ್ತದ, ಮೆನುದಾಗಿಂದ ತೆಗದ್ರ ಕಂಟ್ರೋಲ್ ವಿ ಕೆಲಸ ಮಾಡ್ತದ, ಕೀಬೋರ್ಡ್ ಶಾರ್ಟ್‌ಕಟ್ ತೆಗದ್ರ ಬಲ ಕ್ಲಿಕ್‌ನಾಗ ಬರ್ತದ, ಎಲ್ಲಾ ತೆಗದ್ರೂ ಅದೇ ಡಬ್ಬಿಯೊಳಗ ರೀಸೆಟ್ ಬಟನ್ ಕುಂತಿರ್ತದ. ಕಣ್ಣಿಗೆ ಕಾಣದಂಗ ಮಾಡೋದು ಬ್ಯಾರೆ, ಕೆಲಸಾನೇ ಆಗದಂಗ ಮಾಡೋದು ಬ್ಯಾರೆ.

ಖರೆ ದಾರಿ ಸಿಕ್ಕಿದ್ದು ಓಪನ್‌ಆಫೀಸ್‌ನ ಡೆವಲಪರ್ಸ್ ಗೈಡ್‌ನಾಗ. ಅದ್ರಾಗ ಕಮಾಂಡ್‌ಗಳನ್ನ ಡಿಸೇಬಲ್ ಮಾಡೋ ಒಂದು ಸಣ್ಣ ಭಾಗ ಅದ. ಲಿಬ್ರೆಆಫೀಸ್ 2010ರಾಗ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದದ್ದಲ್ರಿ, ಹಂಗಾಗಿ ಈ ವ್ಯವಸ್ಥಾ ಎರಡರಾಗೂ ಒಂದೇ. ಇದು ಹೆಂಗ ನಡೀತದ ಅನ್ನೋದು ತಿಳ್ಕೊಂಡ್ರ ಮುಂದಿಂದೆಲ್ಲಾ ಸಲೀಸು. ನೀವು ಮೆನುದಾಗ ಪೇಸ್ಟ್ ಒತ್ರಿ, ಟೂಲ್‌ಬಾರ್‌ನಾಗ ಒತ್ರಿ, ಕಂಟ್ರೋಲ್ ವಿ ಒತ್ರಿ, ಮೂರೂ ಒಳಗ ಹೋಗಿ ಒಂದೇ ಹೆಸರು ಕೂಗ್ತಾವ, ಡಾಟ್ ಯುನೊ ಕೋಲನ್ ಪೇಸ್ಟ್ ಅಂತ. ಯುನೊ ಅಂದ್ರ ಯೂನಿವರ್ಸಲ್ ನೆಟ್‌ವರ್ಕ್ ಆಬ್ಜೆಕ್ಟ್ಸ್, ಈ ಆಫೀಸಿನ ಒಳಗಿನ ಭಾಗಗಳು ಒಂದಕ್ಕೊಂದು ಮಾತಾಡೋ ವ್ಯವಸ್ಥಾ. ಆ ಹೆಸರು ತಗೊಂಡು "ಈ ಕೆಲಸ ಯಾರು ಮಾಡ್ತೀರಿ" ಅಂತ ಹುಡುಕೋ ಜಾಗದಾಗೇ ಒಂದು ನಿಷೇಧದ ಪಟ್ಟಿ ನೋಡ್ತಾರ. ಹೆಸರು ಪಟ್ಟಿಯೊಳಗ ಇತ್ತಂದ್ರ ಅಲ್ಲಿಗೇ ಬಂದ್. ಮೆನುದಾಗ ಆ ಸಾಲೇ ಕಾಣ್ಸೋದಿಲ್ಲ, ಶಾರ್ಟ್‌ಕಟ್ ಒತ್ತಿದ್ರ ಏನೂ ಆಗೋದಿಲ್ಲ. ಆ ಪಟ್ಟಿಗೆ ಹೆಸರು ಸೇರ್ಸೋದು ಒಂದು ಸಣ್ಣ ಎಕ್ಸ್‌ಎಂಎಲ್ ಫೈಲಿನಿಂದ (ಗುರುತು ಹಾಕಿ ಬರ್ದ ಸಾದಾ ಅಕ್ಷರದ ಫೈಲು), ಅದನ್ನ ಎಕ್ಸ್‌ಟೆನ್ಷನ್ ಮಾಡಿ ಹಾಕಿದ್ರ ಆಯ್ತು, ಒಂದು ಸಾಲೂ ಪ್ರೋಗ್ರಾಮ್ ಬರಿಯೋದು ಬೇಕಿಲ್ಲ. ಇದನ್ನ ಓದಿದ ರಾತ್ರಿ ಭಾಳ ಖುಷಿ ಆಗಿತ್ತು ನಂಗ.

ಖುಷಿ ಮರುದಿನ ಬೆಳಿಗ್ಗೇ ಇಳೀತು, ಯಾಕಂದ್ರ ಮಶಿನ್‌ಗಳ ಅಡ್ಮಿನ್ ಪಾಸ್‌ವರ್ಡ್ ನಮ್ಮ ಹತ್ರ ಇರ್ಲಿಲ್ಲ. ಲ್ಯಾಬ್ ಹಾಕಿಕೊಟ್ಟವರು ತಮ್ಮ ಹತ್ರಾನೇ ಇಟ್ಕೊಂಡಿದ್ರು. ಫೋನ್ ಹಚ್ಚಿದ್ರ ಶರಣಬಸವೇಶ್ವರ ಜಾತ್ರಿ ಅದ ಮುಗೀಲಿ ಅಂದ್ರು, ಜಾತ್ರಿ ಮುಗದ ಮ್ಯಾಲ ಮಾರ್ಚ್ ಎಂಡಿಂಗ್ ಅಂದ್ರು. ಸೂಪರ್ ಮಾರ್ಕೆಟ್ ಹತ್ರ ಅವರ ಅಂಗಡಿಗೆ ಬಿಸಲಾಗ ಹೋಗಿ ಕುಂತ್ರ "ಹುಡುಗ ಹೊರಗ ಹೋಗ್ಯಾನ, ಅವನಿಗೇ ಗೊತ್ತು" ಅನ್ನೋ ಮಾತು. ಕೊನಿಗೆ ಸಂಸ್ಥೆಯ ಲೆಟರ್‌ಹೆಡ್ ಮ್ಯಾಲ ಸಹಿ ಸಿಕ್ಕಾ ಹಾಕಿದ ಅರ್ಜಿ, ಖರೀದಿ ಬಿಲ್ಲಿನ ಜೆರಾಕ್ಸ್, ನನ್ನ ಗುರುತಿನ ಚೀಟಿ ಇಷ್ಟೂ ಕೊಟ್ಟ ಮ್ಯಾಲ ಕೈಗೆ ಬಂತು. ನಮ್ಮ ದುಡ್ಡಿನ ಮಶಿನ್‌ಗೆ ನಾವೇ ಅರ್ಜಿ ಕೊಡ್ಬೇಕಾಯ್ತಲ್ಲ ಅಂತ ಸಂಕಟ ಆಯ್ತು. ಹೊಸಾ ಲ್ಯಾಬ್ ಹಾಕ್ಸೋರಿಗೆ ಒಂದು ಮಾತು: ಬಿಲ್ ಕೊಡೋ ದಿನಾನೇ ಅಡ್ಮಿನ್ ಪಾಸ್‌ವರ್ಡ್ ಬರ್ಸಿಕೊಂಡು ಬೀರುದಾಗ ಇಟ್ಕೋರಿ. ಇಡೀ ಕೆಲಸದಾಗ ಹೆಚ್ಚು ಟೈಮ್ ತಿಂದಿದ್ದು ಇದೇ.

ಆ ಕಾಯೋ ದಿನಗಳಾಗ ನನ್ನ ಸ್ವಂತ ಲ್ಯಾಪ್‌ಟಾಪ್ ಮ್ಯಾಲ ಫೈಲ್ ತಯಾರು ಮಾಡ್ಕೊಂಡೆ. ಅದರ ರಚನಾ ಹೇಳ್ತೀನಿ, ನೆನಪಿಡ್ರಿ, ಫೈಲಿನೊಳಗ ಇವೆಲ್ಲಾ ಇಂಗ್ಲಿಷ್ ಅಕ್ಷರದಾಗೇ ಬರೀಬೇಕು.

ಎಕ್ಸ್‌ಟೆನ್ಷನ್ ಅಂದ್ರ ಒಂದು ಜಿಪ್ ಫೈಲು, ಕೊನಿಗೆ ಒಎಕ್ಸ್‌ಟಿ ಅಂತ ಹೆಸರು ಕೊಡ್ತೀವಿ ಅಷ್ಟೇ. ಒಳಗ ಮೂರು ಫೈಲ್. ಮೊದಲನೇದು ಎಕ್ಸ್‌ಸಿಯು, ಮ್ಯಾಲ ಹೇಳಿದ ಎಕ್ಸ್‌ಎಂಎಲ್ ಫೈಲು ಇದೇ, ಇದ್ರಾಗೇ ಜೀವ ಇರೋದು. ಇದರ ಕಾಂಪೋನೆಂಟ್ ಹೆಸರು ಕಮಾಂಡ್ಸ್, ಪ್ಯಾಕೇಜ್ ಹೆಸರು ಆರ್ಗ್ ಡಾಟ್ ಓಪನ್‌ಆಫೀಸ್ ಡಾಟ್ ಆಫೀಸ್. ಅದರೊಳಗ ಎಕ್ಸಿಕ್ಯೂಟ್ ಅನ್ನೋ ನೋಡ್ (ಅಂದ್ರ ಫೈಲಿನೊಳಗಿನ ಒಂದು ಖಾನೆ), ಅದರೊಳಗ ಡಿಸೇಬಲ್ಡ್ ಅನ್ನೋ ನೋಡ್, ಅದರೊಳಗ ನೀವು ಬಂದ್ ಮಾಡ್ಬೇಕಾದ ಒಂದೊಂದು ಕಮಾಂಡ್‌ಗೂ ಒಂದೊಂದು ನೋಡ್. ಈ ಕೊನೇ ನೋಡ್‌ಗಳ ಹೆಸರು ಏನರ ಇರ್ಲಿ, ಎಂ1, ಎಂ2 ಅಂತ ಇಟ್ರ ಸಾಕು, ಒಂದರಂಗ ಇನ್ನೊಂದು ಇರಬಾರ್ದು, ಆಪರೇಷನ್ ರಿಪ್ಲೇಸ್ ಅಂತ ಕೊಡ್ಬೇಕು. ಒಳಗ ಕಮಾಂಡ್ ಅನ್ನೋ ಪ್ರಾಪರ್ಟಿ, ಅದರ ವ್ಯಾಲ್ಯೂ ಒಳಗ ಬರೇ ಪೇಸ್ಟ್ ಅಂತ ಬರೀಬೇಕು, ಮುಂದಿನ ಡಾಟ್ ಯುನೊ ಕೋಲನ್ ಬರೀಬಾರ್ದು. ಇದು ಭಾಳ ಮುಖ್ಯ, ಯಾಕಂದ್ರ ಉಳಿದ ಎಲ್ಲಾ ಕಡೆ ಆ ಹೆಸರು ಯುನೊ ಸಮೇತ ಕಾಣ್ತದ, ಇಲ್ಲಿ ಮಾತ್ರ ಬೋಳು ಹೆಸರು. ದೊಡ್ಡಕ್ಷರ ಸಣ್ಣಕ್ಷರ ಹೆಂಗ ಅದನೋ ಹಂಗೇ ಇರ್ಬೇಕು. ಫೈಲಿನ ತಲಿಮ್ಯಾಲ ಓಪನ್‌ಆಫೀಸ್ ಹೆಸರಿನ, 2001 ಅಂತ ವರ್ಷ ಇರೋ ಒಂದು ವಿಳಾಸ ಬರ್ತದ. ಹಳೇದು ಅಂತ ಅದನ್ನ ಲಿಬ್ರೆಆಫೀಸ್ ಅಂತ ತಿದ್ಲಿಕ್ಕೆ ಹೋಗ್ಬ್ಯಾಡ್ರಿ, ಅದು ವೆಬ್‌ಸೈಟ್ ಅಲ್ಲ, ಗುರುತಿನ ಹೆಸರು, ಇವತ್ತಿಗೂ ಅದೇ ನಡೀತದ.

ಎರಡನೇ ಫೈಲ್ ಮೆಟಾ-ಇನ್ಫ್ ಅನ್ನೋ ಫೋಲ್ಡರ್‌ನಾಗ ಇರೋ ಮ್ಯಾನಿಫೆಸ್ಟ್. ಒಳಗ ಯಾವ ಫೈಲ್ ಏನು ಅಂತ ಹೇಳೋದು ಇದರ ಕೆಲಸ, ನಮ್ಮ ಎಕ್ಸ್‌ಸಿಯುಗೆ ಕಾನ್ಫಿಗರೇಷನ್ ಡೇಟಾ ಅನ್ನೋ ಟೈಪ್ ಕೊಡ್ಬೇಕು. ಮೂರನೇದು ಡಿಸ್ಕ್ರಿಪ್ಷನ್, ಇದ್ರಾಗ ಐಡೆಂಟಿಫೈಯರ್ ಮತ್ತ ವರ್ಷನ್ ನಂಬರ್. ಐಡೆಂಟಿಫೈಯರ್ ನೆನಪಿರೋ ಹೆಸರು ಇಡ್ರಿ, ಮುಂದ ತೆಗೀಬೇಕಾದ್ರ ಅದೇ ಬೇಕಾಗ್ತದ. ಜಿಪ್ ಮಾಡುವಾಗ ಹೊರಗಿನ ಫೋಲ್ಡರ್ ಹಿಡಕೊಂಡು ಜಿಪ್ ಮಾಡಬಾರ್ದು, ಒಳಗ ಹೋಗಿ ಫೈಲ್‌ಗಳನ್ನ ಆರಿಸ್ಕೊಂಡು ಜಿಪ್ ಮಾಡ್ಬೇಕು, ಇಲ್ಲಂದ್ರ ಮ್ಯಾನಿಫೆಸ್ಟ್ ಅದಕ್ಕ ಸಿಗೋದಿಲ್ಲ.

ಕಮಾಂಡ್‌ಗಳ ಹೆಸರು ಹೆಂಗ ತಿಳ್ಕೊಳೋದು ಅಂತ ಕೇಳ್ತೀರಿ. ಲಿಬ್ರೆಆಫೀಸ್ ವಿಕಿಯೊಳಗ ಡಿಸ್ಪ್ಯಾಚ್ ಕಮಾಂಡ್ಸ್ ಅಂತ ಉದ್ದನ ಪಟ್ಟಿ ಅದ. ನಂಗ ಅದಕಿಂತ ಚಲೋ ಅನ್ಸಿದ್ದು ಮ್ಯಾಕ್ರೋ ರೆಕಾರ್ಡರ್, ಅಂದ್ರ ನಾವು ಮಾಡಿದ ಕೆಲಸಾನ ಮ್ಯಾಕ್ರೋ ಅನ್ನೋ ಸಣ್ಣ ಪ್ರೋಗ್ರಾಮ್ ಆಗಿ ಬರ್ದಿಡೋದು. ಆಪ್ಷನ್ಸ್ ಒಳಗ ಅಡ್ವಾನ್ಸ್ಡ್‌ಗೆ ಹೋಗಿ ಅದನ್ನ ಆನ್ ಮಾಡ್ಕೊಂಡು, ರೆಕಾರ್ಡ್ ಹಚ್ಚಿ ಬೇಕಾದ ಕೆಲಸ ಮಾಡ್ರಿ, ಆಮ್ಯಾಲ ಆ ಮ್ಯಾಕ್ರೋ ತೆಗದು ಓದಿದ್ರ ಯುನೊ ಹೆಸರು ಅಲ್ಲೇ ಬರ್ದಿರ್ತದ. ನಮ್ಮ ಕೆಲವು ಮಶಿನ್‌ಗಳಾಗ ಮೆನು ಪೂರ್ತಿ ಕನ್ನಡದಾಗ ಅದ, ಅದಕ್ಕ ಬ್ಯಾರೆ ಹೆಸರು ಬೇಕೇನೋ ಅಂತ ಚಿಂತಿ ಇತ್ತು, ಬೇಕಿಲ್ರಿ, ಮೆನು ಯಾವ ಭಾಷೆದಾಗ ಇದ್ರೂ ಒಳಗಿನ ಹೆಸರು ಅದೇ.

ಲ್ಯಾಪ್‌ಟಾಪ್ ಮ್ಯಾಲ ಎಕ್ಸ್‌ಟೆನ್ಷನ್ ಮ್ಯಾನೇಜರ್ ತೆಗದು ಆ್ಯಡ್ ಮಾಡಿ, ಎಲ್ಲಾ ವಿಂಡೋ ಮುಚ್ಚಿ ತಿರುಗಿ ತೆಗದೆ. ಎಡಿಟ್ ಮೆನುದಾಗ ಪೇಸ್ಟ್ ಇಲ್ಲ! ಕಂಟ್ರೋಲ್ ವಿ ಒತ್ತಿದೆ, ಶಿಫ್ಟ್ ಇನ್ಸರ್ಟ್ ಒತ್ತಿದೆ, ಏನೂ ಇಲ್ಲ. ಮನ್ಯಾಗ ಎಲ್ಲರನ್ನೂ ಕರ್ದು ತೋರಿಸ್ದೆ.

ಪಾಸ್‌ವರ್ಡ್ ಕೈಗೆ ಬಂದ ಮ್ಯಾಲ ಲ್ಯಾಬಿನಾಗ ಒಂದು ಮಶಿನ್‌ಗೆ ಇದೇ ಥರ ಹಾಕಿ ಒಬ್ಬ ಚುರುಕಿನ ಹುಡುಗನನ್ನ ಕೂಡ್ಸಿದೆ, "ಹೆಂಗರ ಮಾಡಿ ಪೇಸ್ಟ್ ಮಾಡು ನೋಡೋಣ, ಬೈಯೋದಿಲ್ಲ" ಅಂತ. ಅವ ಸೀದಾ ಎಕ್ಸ್‌ಟೆನ್ಷನ್ ಮ್ಯಾನೇಜರ್‌ಗೆ ಹೋಗಿ ರಿಮೂವ್ ಒತ್ತಿ "ಆಯ್ತ್ರಿ ಸರ್" ಅಂದ. ಈ ಕೆಲಸದ ದೊಡ್ಡ ಪಾಠ ಇದು: ಆ ಮ್ಯಾನೇಜರ್‌ನಿಂದ ಬರೇ ಒಬ್ಬ ಯೂಸರ್‌ಗೆ ಹಾಕಿದ್ದು ಆ ಯೂಸರ್‌ನೇ ತೆಗೀಬಹುದು. ತೆಗೀದಿದ್ರೂ ಸೇಫ್ ಮೋಡ್‌ನಾಗ ಸುರು ಮಾಡಿದ್ರ ಅದು ಹೊಸಾ ತಾತ್ಕಾಲಿಕ ಪ್ರೊಫೈಲ್ (ಯೂಸರ್‌ನ ಸೆಟ್ಟಿಂಗ್‌ಗಳ ಫೋಲ್ಡರ್) ತೆಗೀತದ, ಅದ್ರಾಗ ನಮ್ಮ ಎಕ್ಸ್‌ಟೆನ್ಷನ್ ಇರೋದೇ ಇಲ್ಲ. ಅದಕ್ಕ ಶೇರ್ಡ್ ಆಗಿ ಹಾಕ್ಬೇಕು, ಅಂದ್ರ ಮಶಿನ್‌ನ ಎಲ್ಲಾ ಯೂಸರ್‌ಗಳಿಗೂ ಸೇರಿ, ಅಡ್ಮಿನ್ ಬಿಟ್ರ ಯಾರೂ ತೆಗೀಲಾರದಂಗ.

ಶೇರ್ಡ್ ಹಾಕೋದು ಟರ್ಮಿನಲ್‌ನಿಂದ. ಯುನೊಪಿಕೆಜಿ ಅಂತ ಒಂದು ಕಮಾಂಡ್ ಲಿಬ್ರೆಆಫೀಸ್ ಜೊತಿಗೇ ಬರ್ತದ, ಆ್ಯಡ್ ಅಂತ ಹೇಳಿ ಶೇರ್ಡ್ ಅನ್ನೋ ಆಪ್ಷನ್ ಕೊಟ್ಟು ಫೈಲ್ ಹೆಸರು ಕೊಡೋದು. ವಿಂಡೋಸ್ ಇದ್ದವರಿಗೆ ಲಿಬ್ರೆಆಫೀಸ್ ಹಾಕಿದ ಜಾಗದ ಪ್ರೋಗ್ರಾಮ್ ಫೋಲ್ಡರ್‌ನಾಗ ಸಿಗ್ತದ, ಕಮಾಂಡ್ ಪ್ರಾಂಪ್ಟ್ ಅಡ್ಮಿನಿಸ್ಟ್ರೇಟರ್ ಆಗಿ ತೆಗೀಬೇಕು. ಎರಡು ಎಚ್ಚರಿಕಿ. ಆ ಹೊತ್ತಿಗೆ ಆಫೀಸಿನ ಒಂದೂ ವಿಂಡೋ ತೆರೆದಿರಬಾರ್ದು, ವಿಂಡೋಸ್‌ನಾಗ ಕ್ವಿಕ್‌ಸ್ಟಾರ್ಟರ್ ಹಿಂದ ಓಡ್ತಿದ್ರ ಅದನ್ನೂ ಮುಚ್ರಿ. ಇನ್ನೊಂದು ಉಬುಂಟುದಾಗ ಬರೇ ಸುಡೊ (ಅಡ್ಮಿನ್ ಹಕ್ಕಿನಿಂದ ಓಡ್ಸೋ ಕಮಾಂಡ್) ಹಚ್ಚಿ ಓಡ್ಸಿದ್ರ ವಿದ್ಯಾರ್ಥಿಯ ಪ್ರೊಫೈಲ್ ಫೋಲ್ಡರ್ ರೂಟ್ (ಮಶಿನ್‌ನ ದೊಡ್ಡ ಅಡ್ಮಿನ್) ಹೆಸರಿಗೆ ಹೋಗೋ ಸಾಧ್ಯತೆ ಅದ, ಆಮ್ಯಾಲ ಅವರಿಗೆ ಲಿಬ್ರೆಆಫೀಸೇ ತೆರಿಯೋದಿಲ್ಲ. ಮೊದಲ ಸುಡೊ ಹೈಫನ್ ಐ ಕೊಟ್ಟು ಪೂರ್ತಿ ರೂಟ್ ಆಗಿ, ಆಮ್ಯಾಲ ಓಡ್ಸ್ರಿ.

ಹಿಂಗ ಸಾಲಾಗಿ ಹಾಕ್ಕೋತ ಹೊಂಟ್ರ ಕಿಟಕಿ ಕಡೆಯ ಮಶಿನ್‌ಗಳು ಒಪ್ಪಲಿಲ್ಲ. ಯುನೊಪಿಕೆಜಿ ಅನ್ನೋದೇ ಸಿಗ್ಲಿಲ್ಲ ಅಲ್ಲಿ. ತಲಿ ಕೆಡಿಸ್ಕೊಂಡು ಹುಡುಕಿದ್ರ ಅವು ಆಮ್ಯಾಲ ಬಂದ ಮಶಿನ್‌ಗಳು, ಅವುಗಳೊಳಗ ಲಿಬ್ರೆಆಫೀಸ್ ಸ್ನ್ಯಾಪ್ ರೂಪದಾಗ ಇತ್ತು. ಸ್ನ್ಯಾಪ್ ಅಂದ್ರ ಓದ್ಲಿಕ್ಕೆ ಮಾತ್ರ ಬರೋ ಮುಚ್ಚಿದ ಪೆಟ್ಟಿಗಿ, ರೂಟ್ ಆದ್ರೂ ಅದರೊಳಗ ಏನೂ ಇಡಂಗಿಲ್ಲ. ಸ್ನ್ಯಾಪ್ ತೆಗದು ಎಪಿಟಿಯಿಂದ (ಉಬುಂಟುದಾಗ ಸಾಫ್ಟ್‌ವೇರ್ ಹಾಕೋ ಸಾಧನ) ಸಾದಾ ಪ್ಯಾಕೇಜ್ ಹಾಕ್ಬೇಕಾಯ್ತು. ಕ್ಲಾಸಿನ ನೆಟ್ಟು ನಿಧಾನ, ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ ಕೂಗ್ಲಿಕತ್ತು, ಡೌನ್‌ಲೋಡ್ ಅರ್ಧಕ್ಕ ನಿಂತು ಮತ್ತ ಸುರು. ಹೊರಗ ನಲವತ್ತು ಡಿಗ್ರಿ ದಾಟಿದ ಬಿಸಲು, ಒಳಗ ಫ್ಯಾನೂ ಇಲ್ಲ. ನೀವು ಸುರು ಮಾಡೋಕಿಂತ ಮೊದಲ ಎಲ್ಲಾ ಮಶಿನ್‌ನಾಗ ಯಾವ ರೂಪದ ಲಿಬ್ರೆಆಫೀಸ್ ಅದ ಅಂತ ನೋಡ್ಕೊಂಡು ಬಿಡ್ರಿ, ಒಂದು ದಿನ ಉಳೀತದ.

ಎಲ್ಲಾ ಹಾಕಿದ ಮ್ಯಾಲ ಆ ಚುರುಕಿನ ಹುಡುಗನನ್ನ, ಜೊತಿಗೆ ಅವನ ಗೆಳ್ಯಾರನ್ನೂ ತಿರುಗಿ ಕೂಡ್ಸಿದೆ. ಇವರು ನಂಗ ಕಲಿಸಿದ್ದು ಯಾವ ಗೈಡ್‌ನಾಗೂ ಇರ್ಲಿಲ್ಲ. ಹಳೇ ವಾಡೆಕ್ಕ ಮುಂದಿನ ಬಾಗಿಲಿಗೆ ಕೀಲಿ ಹಾಕಿದ್ರ ಹಿತ್ತಲ ಬಾಗಿಲು, ದನದ ಕೊಟ್ಟಿಗಿ ಬಾಗಿಲು, ಮಾಳಿಗಿ ಮ್ಯಾಲಿನ ಬೆಳಕಿಂಡಿ ಎಲ್ಲಾ ತೆರದೇ ಇರ್ತಾವಲ್ಲ, ಹಂಗಾಗಿತ್ತು. ಪೇಸ್ಟ್ ಬಂದ್, ಆದ್ರ ಪೇಸ್ಟ್ ಅನ್‌ಫಾರ್ಮ್ಯಾಟೆಡ್ ಬ್ಯಾರೆ ಕಮಾಂಡ್, ಪೇಸ್ಟ್ ಸ್ಪೆಷಲ್ ಬ್ಯಾರೆ, ಬಟನ್ ಪಕ್ಕ ಇಳಿಯೋ ಪಟ್ಟಿ ಕ್ಲಿಪ್‌ಬೋರ್ಡ್ ಫಾರ್ಮ್ಯಾಟ್ ಐಟಮ್ಸ್ ಅಂತ ಮತ್ತೊಂದು. ಇನ್ಸರ್ಟ್ ಮೆನುದಾಗ ಟೆಕ್ಸ್ಟ್ ಫ್ರಮ್ ಫೈಲ್ ಅಂತ ಅದ, ಪೂರ್ತಿ ಹಳೇ ಫೈಲೇ ಒಳಗ ಬಂದು ಬೀಳ್ತದ, ಅದರ ಹೆಸರು ಇನ್ಸರ್ಟ್‌ಡಾಕ್.

ಎಲ್ಲಕಿಂತ ನಂಗ ಗಾಬರಿ ಆಗಿದ್ದು ಆಟೋಟೆಕ್ಸ್ಟ್ ನೋಡಿ. ಇಡೀ ಪ್ಯಾಸೇಜನ್ನ ಒಂದು ಎರಡಕ್ಷರದ ಗುರುತಿಗೆ ಉಳ್ಸಿಟ್ಟು, ಆ ಎರಡಕ್ಷರ ಹೊಡದು ಎಫ್3 ಒತ್ತಿದ್ರ ಪೂರ್ತಿ ಪುಟ ಬಂದ್ಬಿಡ್ತದ! ಹಿಂದ ನಿಂತ್ರ ಟೈಪ್ ಮಾಡಿದಂಗೇ ಕಾಣ್ತದ. ಪಟ್ಟಿಯೊಳಗ ಆಟೋಟೆಕ್ಸ್ಟ್ ಅಂತ ಹುಡುಕಿದ್ರ ಇದು ಸಿಗೋದಿಲ್ಲ, ಒಳಗ ಇದಕ್ಕ ಗ್ಲಾಸರಿ ಅಂತಾರ: ಎಡಿಟ್ ಗ್ಲಾಸರಿ ಮತ್ತ ಎಕ್ಸ್‌ಪಾಂಡ್ ಗ್ಲಾಸರಿ, ಎರಡನ್ನೂ ಹಾಕ್ಬೇಕು. ಆಟೋಕರೆಕ್ಟ್‌ನ ಬದಲಿ ಪಟ್ಟಿಯಿಂದಾನೂ ಇದೇ ಆಟ ಆಡಬಹುದು, ಅದರ ಡಬ್ಬಿ ತೆರಿಯೋ ಕಮಾಂಡ್ ಆಟೋಕರೆಕ್ಟ್‌ಡಿಎಲ್‌ಜಿ. ಆದ್ರ ಡಬ್ಬಿ ಮುಚ್ಚಿದ್ರ ಮೊದಲೇ ತುಂಬಿಟ್ಟಿದ್ದು ಹೋಗೋದಿಲ್ಲ, ಅದು ಯೂಸರ್ ಪ್ರೊಫೈಲ್‌ನಾಗ ಕುಂತಿರ್ತದ, ಅದಕ್ಕ ಹಳೇ ಪ್ರೊಫೈಲ್ ತೆಗೀಲೇಬೇಕು. ಲಿನಕ್ಸ್‌ನಾಗ ಹೋಮ್ ಒಳಗಿನ ಕಾನ್ಫಿಗ್ ಫೋಲ್ಡರ್‌ನಾಗ ಲಿಬ್ರೆಆಫೀಸ್, ಅದರೊಳಗ 4 ಅಂತ ಫೋಲ್ಡರ್ ಇರ್ತದ, ನಿಮ್ಮ ವರ್ಷನ್ ಎಷ್ಟೇ ಹೊಸದಿದ್ರೂ ಆ 4 ಹಂಗೇ ಅದ, ಅದರ ಹೆಸರು ಬದಲಿಸಿದ್ರ ಹೊಸಾದು ತಾನೇ ಹುಟ್ತದ.

ಪ್ರಿಂಟ್ ಕೂಡ ಬಂದ್ ಮಾಡ್ಬೇಕಿತ್ತು, ಟೆಸ್ಟ್ ಪ್ಯಾಸೇಜ್ ಪ್ರಿಂಟ್ ತಗೊಂಡು ಮುಂದಿನ ಬ್ಯಾಚಿಗೆ ಕೊಡ್ತಿದ್ರು. ಅಲ್ಲೂ ಅದೇ ಕಥಿ. ಪ್ರಿಂಟ್ ಒಂದು, ಕೇಳ್ದೇ ನೇರ ಪ್ರಿಂಟ್ ಮಾಡೋ ಪ್ರಿಂಟ್‌ಡಿಫಾಲ್ಟ್ ಇನ್ನೊಂದು, ಪಿಡಿಎಫ್‌ಗೆ ಎಕ್ಸ್‌ಪೋರ್ಟ್ ಎರಡು ಥರ, ಮೇಲ್ ಕಳ್ಸೋ ಸೆಂಡ್‌ಮೇಲ್, ಮತ್ತ ಸೇವ್‌ಆ್ಯಸ್. ಸೇವ್‌ಆ್ಯಸ್ ಬಂದ್ ಮಾಡುವಾಗ ಯೋಚಿಸ್ರಿ, ಹೆಸರಿಲ್ಲದ ಹೊಸಾ ಫೈಲ್ ಉಳಿಸ್ಲಿಕ್ಕೂ ಅದೇ ಬೇಕಾಗ್ತದ, ಅದಕ್ಕ ನಾವು ಪ್ರತಿಯೊಬ್ಬರಿಗೂ ರೋಲ್ ನಂಬರಿನ ಖಾಲಿ ಫೈಲ್ ಮೊದಲೇ ಇಟ್ಟು ಬಿಡ್ತೀವಿ, ಅವರು ಸೇವ್ ಒತ್ತಿದ್ರ ಸಾಕು.

ಟೂಲ್ಸ್‌ನಾಗಿನ ಆಪ್ಷನ್ಸ್ ಮುಚ್ಚೋದು ಮರೀಬ್ಯಾಡ್ರಿ, ಅದರ ಕಮಾಂಡ್ ಆಪ್ಷನ್ಸ್‌ಟ್ರೀಡೈಲಾಗ್. ಅದು ತೆರದಿದ್ರ ಅಡ್ವಾನ್ಸ್ಡ್‌ನಾಗಿನ ಎಕ್ಸ್‌ಪರ್ಟ್ ಕಾನ್ಫಿಗರೇಷನ್‌ಗೆ ಹೋಗಿ ನಿಮ್ಮ ಪಟ್ಟಿಯನ್ನೇ ತಿದ್ದಬಹುದು. ಕಮಾಂಡ್ ಅಲ್ಲದ ಸೆಟ್ಟಿಂಗ್‌ಗಳಿಗೆ ಈ ನಿಷೇಧದ ಪಟ್ಟಿ ನಡಿಯೋದಿಲ್ಲ. ಉದಾಹರಣೆಗೆ ವರ್ಡ್ ಕಂಪ್ಲೀಷನ್, ಅರ್ಧ ಪದ ಹೊಡದ್ರ ಉಳಿದದ್ದು ತಾನೇ ಬರೋದು, ಅದು ಟೈಪಿಂಗ್ ಟೆಸ್ಟ್‌ನಾಗ ಇರ್ಲೇಬಾರ್ದು. ಅದಕ್ಕ ಅದೇ ಎಕ್ಸ್‌ಟೆನ್ಷನ್‌ನಾಗ ರೈಟರ್‌ನ ಸೆಟ್ಟಿಂಗ್‌ಗೆ ಇನ್ನೊಂದು ಎಕ್ಸ್‌ಸಿಯು ಇಟ್ಟು, ಆಫ್ ಅಂತ ಬರ್ದು, ಜೊತಿಗೆ ಫೈನಲೈಸ್ಡ್ ಅನ್ನೋ ಗುರುತು ಹಾಕಿದೆ. ಫೈನಲೈಸ್ಡ್ ಅಂತ ಇದ್ರ ಯೂಸರ್ ತನ್ನ ಪ್ರೊಫೈಲ್‌ನಾಗ ಏನು ಬದಲಿಸಿದ್ರೂ ಅದು ನಡಿಯೋದಿಲ್ಲ. ಮೌಸಿನ ನಡುವಿನ ಬಟನ್ ಇನ್ನೊಂದು ಕಾಟ, ಲಿನಕ್ಸ್‌ನಾಗ ಆರಿಸಿದ ಅಕ್ಷರ ಅದರಿಂದ ಪೇಸ್ಟ್ ಆಗ್ತದ, ಅದು ಪೇಸ್ಟ್ ಕಮಾಂಡ್ ಮೂಲಕ ಹೋಗೋದೇ ಇಲ್ಲ. ಆಪ್ಷನ್ಸ್‌ನ ವ್ಯೂ ಪುಟದಾಗ ಅದಕ್ಕ ಏನೂ ಕೆಲಸ ಬ್ಯಾಡ ಅಂತ ಆರಿಸೋ ಅವಕಾಶ ಅದ, ಆಪ್ಷನ್ಸ್ ಬಂದ್ ಮಾಡೋಕಿಂತ ಮೊದಲ ಅದನ್ನ ಮಾಡ್ಕೋರಿ.

ಇಷ್ಟೆಲ್ಲಾ ಆದ್ರೂ ಎರಡು ದಾರಿ ಈ ಪಟ್ಟಿಗೆ ಸಿಗೋದಿಲ್ಲ. ಒಂದು, ಇನ್ನೊಂದು ವಿಂಡೋದಿಂದ ಅಕ್ಷರ ಎಳಕೊಂಡು ಬಂದು ಬಿಡೋದು. ಎರಡು, ಮ್ಯಾಕ್ರೋ. ನಾನೇ ಒಂದು ಸಾಲಿನ ಬೇಸಿಕ್ ಮ್ಯಾಕ್ರೋ ಬರ್ದು ನೋಡಿದೆ, ಡಾಕ್ಯುಮೆಂಟ್‌ಗೆ ನೇರ ಪ್ರಿಂಟ್ ಅಂತ ಹೇಳಿದ್ರ ಪ್ರಿಂಟ್ ಆಗೇ ಬಿಡ್ತದ, ಯಾಕಂದ್ರ ಅದು ಯುನೊ ಕಮಾಂಡ್ ಕಳ್ಸೋದಿಲ್ಲ, ಒಳಗಿನ ವಸ್ತುವನ್ನೇ ಮುಟ್ತದ. ಮ್ಯಾಕ್ರೋ ಮೆನುದ ಕಮಾಂಡ್‌ಗಳನ್ನೂ ಪಟ್ಟಿಗೆ ಸೇರಿಸ್ದೆ, ಅದರ ಮ್ಯಾಲ ಟೆಸ್ಟ್‌ಗೇ ಅಂತ ಬ್ಯಾರೆ ಯೂಸರ್ ಅಕೌಂಟ್ ಮಾಡ್ದೆ, ಅದ್ರಾಗ ಹಳೇ ಫೈಲ್ ಇಲ್ಲ, ನೆಟ್ ಇಲ್ಲ, ಪ್ರಿಂಟರ್ ಇಲ್ಲ. ಈ ಎಕ್ಸ್‌ಟೆನ್ಷನ್ನನ್ನ ಭದ್ರತೆ ಅಂತ ನಂಬಿ ಗುಟ್ಟಿನ ಕಾಗದ ಇಡೋ ಆಫೀಸಿನಾಗ ಹಾಕೋರಿದ್ರ ದಯವಿಟ್ಟು ಹಂಗ ಮಾಡ್ಬ್ಯಾಡ್ರಿ. ಫೈಲ್ ಪರ್ಮಿಷನ್ನು, ಅಕೌಂಟು, ಪ್ರಿಂಟರ್ ಹಕ್ಕು ಇವೆಲ್ಲಾ ಆಪರೇಟಿಂಗ್ ಸಿಸ್ಟಮ್ ಮಟ್ಟದಾಗೇ ಆಗ್ಬೇಕು. ಇದು ಸುಮ್ಮನ ಕೈ ಹೋಗೋದನ್ನ, ಸುಲಭದ ಕಳ್ಳದಾರಿಯನ್ನ ನಿಲ್ಲಿಸ್ತದ, ಅಷ್ಟಕ್ಕ ಭಾಳ ಚಲೋ.

ಖರ್ಚು ಕೇಳಿದ್ರ ಸಾಫ್ಟ್‌ವೇರ್‌ಗೆ ಒಂದು ರೂಪಾಯಿ ಇಲ್ಲ. ಒಂದು ಪೆನ್‌ಡ್ರೈವ್, ಜೆರಾಕ್ಸು, ಅಂಗಡಿಗೆ ಓಡಾಡಿದ ಆಟೋ, ಸ್ನ್ಯಾಪ್ ತೆಗದು ಹಾಕುವಾಗ ನನ್ನ ಮೊಬೈಲ್ ಡೇಟಾ, ಎಲ್ಲಾ ಕೂಡ್ಸಿದ್ರ ಸಾವಿರದೊಳಗ ಮುಗೀತು. ಸರ್ ಆ ರೊಕ್ಕ ಅವತ್ತೇ ಕೊಟ್ರು, ಉಳಿದ ರೊಕ್ಕದಾಗ ಎರಡು ಕೀಬೋರ್ಡ್ ತರ್ಸೋಣ ಅಂದ್ರು.

ಹೊಸಾ ವ್ಯವಸ್ಥಾದಾಗ ಮೊದಲ ಟೆಸ್ಟ್ ಇಟ್ಟಾಗ ಲ್ಯಾಬಿನಾಗ ಬರೇ ಕೀಬೋರ್ಡ್ ಸಪ್ಪಳ. ಕೆಲವರು ಎಫ್3 ಒತ್ತಿ ಒತ್ತಿ ನನ್ನ ಮುಖ ನೋಡಿದ್ರು. ಸ್ಪೀಡ್ ಎಲ್ಲರದೂ ಇಳದಿತ್ತು, ಒಬ್ಬರ ಅಪ್ಪಾಜಿ ಫೋನ್ ಮಾಡಿ "ನಮ್ಮ ಹುಡುಗ ಹಿಂದ ಯಾಕ್ ಬಿದ್ದಾನ್ರಿ ಸರ್" ಅಂತ ಕೇಳಿದ್ರು. ಪರೀಕ್ಷಾ ಹಾಲ್‌ನಾಗ ಬೀಳೋಕಿಂತ ಇಲ್ಲಿ ಬೀಳೋದು ಚಲೋ ಅಲ್ರಿ ಅಣ್ಣಾ, ಇನ್ನ ಟೈಮ್ ಅದ, ಎಬ್ಬಿಸ್ತೀನಿ ಅಂದೆ. ಜೇವರ್ಗಿ ಹುಡುಗಿ ಎರಡನೇ ನಂಬರ್ ಬಂದ್ಳು.

ಕೊನೇದಾಗಿ ತೆಗಿಯೋದು ಹೆಂಗ ಅಂತ ಹೇಳಿ ಬಿಡ್ತೀನಿ, ಇದನ್ನ ಹಾಕೋಕಿಂತ ಮೊದಲೇ ಪ್ರಯೋಗ ಮಾಡಿ ಇಟ್ಕೋರಿ. ಯುನೊಪಿಕೆಜಿ ಲಿಸ್ಟ್ ಅಂತ ಶೇರ್ಡ್ ಆಪ್ಷನ್ ಜೊತಿ ಕೊಟ್ರ ನಿಮ್ಮ ಐಡೆಂಟಿಫೈಯರ್ ಕಾಣ್ತದ, ರಿಮೂವ್‌ಗೆ ಅದೇ ಹೆಸರು ಕೊಟ್ರ ಎಲ್ಲಾ ಮೊದಲಿನಂಗ ಆಗ್ತದ. ಪಟ್ಟಿ ಬದಲಿಸ್ಬೇಕಂದ್ರ ಎಕ್ಸ್‌ಸಿಯು ತಿದ್ದಿ, ಡಿಸ್ಕ್ರಿಪ್ಷನ್‌ನಾಗ ವರ್ಷನ್ ನಂಬರ್ ಏರಿಸಿ, ತಿರುಗಿ ಜಿಪ್ ಮಾಡಿ, ಆ್ಯಡ್ ಮಾಡುವಾಗ ಫೋರ್ಸ್ ಆಪ್ಷನ್ ಕೊಟ್ರ ಹಳೇದರ ಮ್ಯಾಲೇ ಕುಂಡ್ರತದ. ಲಿಬ್ರೆಆಫೀಸ್ ದೊಡ್ಡ ಅಪ್‌ಡೇಟ್ ಬಂದಾಗ ಒಂದು ಮಶಿನ್ ಮ್ಯಾಲ ಎಲ್ಲಾ ದಾರಿ ತಿರುಗಿ ಒತ್ತಿ ನೋಡ್ರಿ, ಅದೇ ಕೆಲಸಕ್ಕ ಹೊಸಾ ಹೆಸರಿನ ಕಮಾಂಡ್ ಸೇರಿರಬಹುದು. ನಮ್ಮಲ್ಲಿ ಮುಂದಿನ ಬ್ಯಾಚಿಗೆ ಪತ್ರ ಬರಿಯೋದು ಕಲಿಸೋ ಪಾಠ ಅದ, ಅದಕ್ಕ ಪ್ರಿಂಟ್ ಬೇಕು, ಆ ನೋಡ್‌ಗಳನ್ನ ತೆಗದ ಎರಡನೇ ಒಎಕ್ಸ್‌ಟಿ ಈಗ್ಲೇ ಮಾಡಿ ಅದೇ ಪೆನ್‌ಡ್ರೈವ್‌ನಾಗ ಇಟ್ಟೀನಿ.